ಹಾಸಿಗೆಗೆ ಹೇಳಿಲ್ಲ

ಮಾರ್ಚ್ 3

ರೆಕಾರ್ಡರ್ ಹುಡುಗಿಗೆ,

ನಿನ್ನ ಪುಸ್ತಕ ಬಂತು. ಅಂಚೆಯವನು ಬಾಗಿಲ ಸಂದಿಯಲ್ಲಿ ತುರುಕಿ ಹೋಗಿದ್ದರಿಂದ ಒಂದು ಮೂಲೆ ಮುದುಡಿದೆ. ನಾನು ಚೆನ್ನಾಗಿದ್ದೇನೆ, ಮೊಣಕಾಲೊಂದನ್ನು ಬಿಟ್ಟು. ನೀನೂ ಚೆನ್ನಾಗಿಯೇ ಇರಬೇಕು, ಇಷ್ಟು ದಪ್ಪದ ಪುಸ್ತಕ ಅಚ್ಚು ಹಾಕಿಸುವಷ್ಟು ಪುರುಸೊತ್ತು ಸಿಕ್ಕಿದೆಯಲ್ಲ.

ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಆದರೂ ಸಾಲಿನ ಮೇಲೆ ಬೆರಳಿಟ್ಟು ಪೂರ್ತಿ ಓದಿದೆ. ಓದಿ ಸಿಟ್ಟು ಬಂತು. ಹೋದ ವರ್ಷ ನೀನು ನನ್ನ ಕೋಣೆಗೆ ಬಂದು, ಆ ಯಂತ್ರವನ್ನು ಮೇಜಿನ ಮೇಲಿಟ್ಟು, ನಮ್ಮ ಮನೆಮಾತಿನ ಹಾಡು, ಮದುವೆ ಮಾತು, ಮನೆಗೆ ಹೇಳುವ ಮಾತು ಎಲ್ಲವನ್ನೂ ಹಿಡಿದುಕೊಂಡು ಹೋದೆಯಲ್ಲ, ಆಗ ನಾನು ಕೆಮ್ಮಿದ್ದನ್ನೂ ಬರೆದಿದ್ದೀಯ. ‘ಇಲ್ಲಿ ಕೆಮ್ಮು’ ಅಂತೆ. ಮದುವೆ ಹಾಡಿನಲ್ಲಿ ಹುಡುಗಿಯ ತಾಯಿ ಅಳುವ ಕಡೆ ‘ಹಿಂದೆ ಬಕೆಟ್ ಸದ್ದು’ ಅಂತೆ. ಮೇಲಿನ ಮನೆಯ ಡ್ರೈವರ್‌ಗೆ ಓದಿ ಹೇಳಿದೆ. “ನನ್ನ ಬಕೆಟ್ಟೂ ಪುಸ್ತಕ ಸೇರ್ತಲ್ಲಮ್ಮ, ಇನ್ಮೇಲೆ ಅದಕ್ಕೆ ಬರೀ ಸೋಸಿದ ನೀರೇ ಹಾಕ್ತೀನಿ” ಅಂದ. ಅವನಿಗೆ ತಮಾಷೆ. ಫೋಟೋದಲ್ಲಿ ನನ್ನ ಬಾಯಿ ತೆರೆದೇ ಇದೆ. ಮುಂದಿನ ಹಲ್ಲು ಹೋಗಿರುವುದು ಯಾರಿಗೂ ಗೊತ್ತಾಗದೆ ಉಳಿಯಬಾರದು ಎಂದು ತೆಗೆದೆಯೇನು?

ಅವನ್ನೆಲ್ಲ ಬಿಡುತ್ತೇನೆ. ಬಿಡಲಾಗದ್ದು ಒಂದಿದೆ. ಫೋಟೋದ ಕೆಳಗೆ ‘ಈ ಭಾಷೆಯನ್ನಾಡುವ ಕೊನೆಯ ವ್ಯಕ್ತಿ’ ಎಂದು ಬರೆದಿದ್ದೀಯ. ಯಾರು ಹೇಳಿದರು ನಿನಗೆ? ನಾನು ಹೇಳಿದೆನೇ? ನನಗೊಬ್ಬಳು ತಂಗಿ ಇದ್ದಾಳೆ. ನನಗಿಂತ ಚೆನ್ನಾಗಿ ಮಾತಾಡುತ್ತಾಳೆ. ನನಗೆ ಬಾರದ ಹಾಡುಗಳೂ ಅವಳಿಗೆ ಬರುತ್ತವೆ. ಇದ್ದವಳನ್ನು ಇಲ್ಲ ಮಾಡುವುದು ಯಾವ ವಿದ್ಯೆ? ಅದನ್ನು ಹೊಡೆದುಹಾಕು.

ಇನ್ನೊಂದು. ನನ್ನನ್ನು ಅಜ್ಜಿ ಎನ್ನಬೇಡ. ನನಗೆ ಮಕ್ಕಳೇ ಇಲ್ಲ, ಮೊಮ್ಮಗಳು ಎಲ್ಲಿಂದ ಉದುರಿದಳು? ಕರೆಯಲೇಬೇಕೆಂದರೆ ದೊಡ್ಡಮ್ಮ ಅನ್ನು. ಫೋನು ಮಾಡಬೇಡ. ಫೋನಿನಲ್ಲಿ ನನಗೆ ಅರ್ಧ ಕೇಳುತ್ತದೆ, ಇನ್ನರ್ಧ ನಾನೇ ಊಹಿಸಿಕೊಂಡು ಬಯ್ಯುತ್ತೇನೆ. ಕಾಗದ ಬರೆ.

ಲಾಂಡ್ರಿಯವಳು

*

ಮಾರ್ಚ್ 15

ದೊಡ್ಡಮ್ಮನಿಗೆ ನಮಸ್ಕಾರ.

ಕೆಮ್ಮಿನ ವಿಷಯಕ್ಕೆ ಕ್ಷಮಿಸಿ. ಕೇಳಿಸಿದ್ದನ್ನೆಲ್ಲ ಬರೆಯಬೇಕು, ಯಾವುದು ಮುಖ್ಯ ಎಂದು ನಾವು ತೀರ್ಮಾನಿಸಬಾರದು ಎನ್ನುವುದು ನಮ್ಮ ಕಚೇರಿಯ ನಿಯಮ. ಬಕೆಟ್ಟಿಗೂ ಅದೇ ಅನ್ವಯವಾಯಿತು.

ನಿಮ್ಮ ತಂಗಿಯ ವಿಷಯ ಓದಿ ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಇಡೀ ದಿನ ಕೂತು ಮಾತಾಡಿದೆವು, ನೀವು ಒಂದು ಸಲವೂ ಹೇಳಲಿಲ್ಲ! ಅವರು ಎಲ್ಲಿದ್ದಾರೆ? ವಿಳಾಸ ಕೊಡಿ. ನನ್ನ ಹತ್ತಿರ ಇರುವುದೆಲ್ಲ ಒಬ್ಬರೇ ಆಡಿದ ಮಾತು. ಇಬ್ಬರು ಎದುರುಬದುರು ಕೂತು ಆ ಭಾಷೆಯಲ್ಲಿ ಹರಟುವುದನ್ನು, ಒಬ್ಬರ ಮಾತನ್ನು ಇನ್ನೊಬ್ಬರು ಕತ್ತರಿಸುವುದನ್ನು ನಾನು ಕೇಳಿಯೇ ಇಲ್ಲ. ಪುಸ್ತಕದ ಉಳಿದ ಪ್ರತಿಗಳಲ್ಲಿ ಆ ಸಾಲಿನ ಮೇಲೆ ಚೀಟಿ ಅಂಟಿಸುತ್ತಿದ್ದೇನೆ.

ಇನ್ನೊಂದು ಸುದ್ದಿ. ಬಂದರಿನ ಊರಿನಿಂದ ಒಂದು ಕುಟುಂಬ ನನ್ನನ್ನು ಹುಡುಕಿಕೊಂಡು ಬಂತು. ಮನೆಯ ಯಜಮಾನರು ದೋಣಿ ಇಂಜಿನ್ನಿನ ಮೇಸ್ತ್ರಿ. ಸಮುದ್ರಕ್ಕೆ ಹೋದವರು ಬರಲಿಲ್ಲ, ದೋಣಿಯೂ ಸಿಗಲಿಲ್ಲ. ಹೆಂಡತಿ ಬಲೆ ಹೊಲಿಯುತ್ತಾರೆ. ಮೇಸ್ತ್ರಿಯ ಅಜ್ಜಿ ನಿಮ್ಮ ಮಾತಿನವರಂತೆ. ಯಾರಾದರೂ ಹೋಗಿ ಇನ್ನು ಬರುವುದಿಲ್ಲ ಎಂದಾದಾಗ, ಹೊಸ್ತಿಲಿನಿಂದ ಹಿಡಿದು ಮನೆಯ ಒಂದೊಂದು ವಸ್ತುವಿಗೂ ‘ಇನ್ನು ಕಾಯಬೇಡ’ ಎಂದು ಹೇಳುವ ಮಾತೊಂದಿದೆ ಎಂದು ಆ ಮನೆಯಲ್ಲಿ ಕೇಳಿ ಗೊತ್ತಿತ್ತು, ಮಾತು ಮಾತ್ರ ಯಾರಿಗೂ ಬರುತ್ತಿರಲಿಲ್ಲ. ನಿಮ್ಮ ಧ್ವನಿ ಕೇಳಿ ಕೇಳಿ ಹಿರಿಮಗ ಅದನ್ನು ಬಾಯಿಪಾಠ ಮಾಡಿದ್ದಾನೆ. ಮುಂದಿನ ಭಾನುವಾರ ಹೇಳುತ್ತಾರೆ. ಎಷ್ಟೋ ವರ್ಷಗಳ ಮೇಲೆ ಆ ಮಾತು ನಿಜವಾದ ಕಾರಣಕ್ಕೆ ಒಂದು ಮನೆಯೊಳಗೆ ಕೇಳಿಸಲಿದೆ. ನಿಮಗೆ ಸಂತೋಷವಾಗುತ್ತದೆ ಎಂದುಕೊಂಡಿದ್ದೇನೆ.

ನಿಮ್ಮ ರೆಕಾರ್ಡರ್ ಹುಡುಗಿ

*

ಮಾರ್ಚ್ 20

ಸಂತೋಷವೂ ಇಲ್ಲ, ಮಣ್ಣೂ ಇಲ್ಲ. ನಿಲ್ಲಿಸು.

ನೀನು ಹಿಡಿದುಕೊಂಡು ಹೋದದ್ದು ಪೂರ್ತಿಯಲ್ಲ. ಅದರಲ್ಲಿ ಹಾಸಿಗೆ ಇಲ್ಲ. ಹೊಸ್ತಿಲು, ಚಪ್ಪಲಿ ಬಿಡುವ ಜಾಗ, ಕೊಡ, ಒಲೆ, ತಟ್ಟೆ, ದೀಪ, ಇಷ್ಟು ಇದೆ. ಹಾಸಿಗೆ ನಾನು ಹೇಳಲಿಲ್ಲ.

ಯಾಕೆ ಅಂದರೆ ಹಾಗೆ ಹೇಳಬಾರದು. ಯಾರೂ ಹೋಗದೆ ಇರುವಾಗ, ಬರೀ ಕಲಿಸುವುದಕ್ಕೋ ನೆನಪು ಹಸಿಯಾಗಿರಲಿ ಎಂದೋ ಹೇಳುವಾಗ, ಯಾವುದಾದರೂ ಒಂದನ್ನು ಬಿಟ್ಟು ಹೇಳಬೇಕು. ಎಲ್ಲಕ್ಕೂ ಹೇಳಿಬಿಟ್ಟರೆ ಹೇಳಿದ ಹಾಗೇ ಆಗಿಹೋಗುತ್ತದೆ. ಹಾಲು ತರಲು ಹೋದವನೂ ಹೋದವನೇ. ನಮ್ಮಮ್ಮ ನಮ್ಮಿಬ್ಬರಿಗೆ ಕಲಿಸುವಾಗ ಒಂದು ದಿನ ದೀಪ ಬಿಡುತ್ತಿದ್ದಳು, ಇನ್ನೊಂದು ದಿನ ತಟ್ಟೆ ಬಿಡುತ್ತಿದ್ದಳು. ಇವತ್ತು ಬಿಟ್ಟದ್ದನ್ನು ನಾಳೆ ಕೇಳಿಸಿಕೊಂಡು ನಾವು ಒಳಗೇ ಹೊಂದಿಸಿಕೊಂಡೆವು. ನೀನು ಒಂದೇ ದಿನ ಬಂದೆ. “ಆಯ್ತು, ಇದೊಂದು ಮುಗೀತು” ಅಂತ ಗುಂಡಿ ಒತ್ತಿ ಮುಂದಿನ ಹಾಡು ಕೇಳಿದೆ. ನೀನು ಕೇಳಲಿಲ್ಲ, ನಾನು ಹೇಳಲಿಲ್ಲ. ಹೇಳಬೇಕಾದ ಸಂಗತಿ ಅಂತ ನನಗೆ ಹೊಳೆಯಲೂ ಇಲ್ಲ. ಒಗೆಯುವ ಮೊದಲು ಬಟ್ಟೆ ನೆನೆಸಬೇಕು ಎಂದು ಯಾರಾದರೂ ಯಾರಿಗಾದರೂ ಹೇಳುತ್ತಾರೆಯೇ?

ಈಗ ಅವರು ಆ ಅರೆಕೊರೆ ಮಾತನ್ನೇ ನಿಜವಾದ ಹೆಸರು ಹಾಕಿ ಹೇಳಿದರೆ, ಏನೂ ಹೇಳದಿದ್ದಕ್ಕಿಂತ ಕಷ್ಟ. ಎಲ್ಲಕ್ಕೂ ಹೇಳಿ ಒಂದಕ್ಕೆ ಹೇಳದಿದ್ದರೆ, ಆ ಒಂದು ಎಲ್ಲದರ ಪಾಲಿನದನ್ನೂ ತಾನೇ ಹೊತ್ತುಕೊಂಡು ಕಾಯುತ್ತದೆ. ಅಮ್ಮ ನಮ್ಮನ್ನು ಹೀಗೆಯೇ ಹೆದರಿಸುತ್ತಿದ್ದಳು. ತಕ್ಷಣ ಅವರಿಗೆ ಹೇಳು. ಈ ಕಾಗದವನ್ನು ಡ್ರೈವರ್ ಕೈಯಲ್ಲಿ ಬೇಗ ಹೋಗುವ ಅಂಚೆಗೆ ಹಾಕಿಸುತ್ತಿದ್ದೇನೆ.

ತಂಗಿ ಈಗ ಇಲ್ಲಿಲ್ಲ. ಕೆಲಸದ ಮೇಲೆ ಹೋಗಿದ್ದಾಳೆ. ಬಂದಾಗ ತಿಳಿಸುತ್ತೇನೆ.

ದೊಡ್ಡಮ್ಮ

*

ಏಪ್ರಿಲ್ 2

ದೊಡ್ಡಮ್ಮ,

ನಿಮ್ಮ ಕಾಗದ ಕೈಸೇರುವಷ್ಟರಲ್ಲಿ ಭಾನುವಾರ ಕಳೆದುಹೋಗಿತ್ತು. ನಾನು ಅಲ್ಲೇ ಇದ್ದೆ, ಯಂತ್ರ ಹಿಡಿದುಕೊಂಡು.

ಮಗ ಹೇಳಿದ, ತಾಯಿ ಪ್ರತಿ ವಸ್ತುವಿನ ಮುಂದೆಯೂ ‘ಕೇಳಿತು’ ಎಂದು ಉತ್ತರ ಕೊಟ್ಟರು. ಮಗ ಚೆನ್ನಾಗಿ ಹೇಳಿದ. ಎಷ್ಟು ಚೆನ್ನಾಗಿ ಎಂದರೆ, ಒಲೆಯ ಮಾತಿನ ನಡುವೆ ನೀವು ಕೆಮ್ಮಿದ ಜಾಗದಲ್ಲಿ ತಾನೂ ಸಣ್ಣಗೆ ಕೆಮ್ಮಿದ. ಅದೂ ಮಾತಿನ ಭಾಗ ಎಂದುಕೊಂಡಿದ್ದ. ನಗು ಬರಲಿಲ್ಲ ನನಗೆ.

ದೀಪಕ್ಕೆ ಹೇಳಿ ಮುಗಿದ ಮೇಲೂ ತಾಯಿ ಕದಲಲಿಲ್ಲ. “ಮುಗೀತಾ?” ಅಂದರು. ಮುಗೀತು ಅಂದ ಮಗ. “ಅವ್ರ ಹಾಸಿಗೆಗೆ ಯಾರೂ ಹೇಳ್ಲೇ ಇಲ್ವಲ್ಲ?” ಆ ಒಂದು ಉತ್ತರ ಬಿಟ್ಟರೆ ಅವರಿಗೆ ಆ ಭಾಷೆಯ ಇನ್ನೊಂದು ಶಬ್ದವೂ ಗೊತ್ತಿಲ್ಲ, ದೊಡ್ಡಮ್ಮ. ನಾನು ಮಾಡಿಕೊಟ್ಟ ಅರ್ಥವನ್ನಷ್ಟೇ ಕೇಳಿದ್ದರು. ನಾನು ತಿಳಿದವಳಂತೆ, “ಹಳೇ ಕಾಲದವರು ನೆಲದ ಮೇಲೆ ಮಲಗ್ತಿದ್ರಮ್ಮ, ಅದಕ್ಕೇ ಹಾಸಿಗೆ ಬಂದಿಲ್ಲ” ಅಂದೆ. ಪುಸ್ತಕದ ಅಡಿಟಿಪ್ಪಣಿಯಲ್ಲೂ ಹಾಗೆಯೇ ಬರೆದಿದ್ದೇನೆ. ಅವರು ನನ್ನನ್ನೇ ನೋಡಿ, “ನೆಲದ ಮೇಲೆ ಹಾಸ್ಕೊಂಡ್ರೆ ಅದು ಹಾಸಿಗೆ ಅಲ್ವೇನಮ್ಮ?” ಅಂದರು.

ಈಗ ಅವರು ಆ ಮಂಚದ ಮೇಲೆ ಬಲೆಗಳನ್ನು ರಾಶಿ ಹಾಕಿ ತಾವು ಅಡುಗೆಮನೆಯಲ್ಲಿ ಮಲಗುತ್ತಾರಂತೆ. ಮಂಚದ ಕಡೆ ಬೆನ್ನು ಹಾಕಿದರೆ ಯಾರೋ ಕರೆದ ಹಾಗಾಗುತ್ತದೆ ಎನ್ನುತ್ತಾರೆ.

ನಿಮ್ಮ ನಿಯಮದಲ್ಲೇ ದಾರಿಯಿದೆ. ಇನ್ನೊಂದು ಸಲ ಹೇಳಿ, ಈ ಸಲ ದೀಪ ಬಿಡಿ. ಹಾಸಿಗೆಯ ಮಾತು ಸಿಗುತ್ತದೆ. ಎರಡನ್ನೂ ಸೇರಿಸಿಕೊಂಡು ಮಗ ಮೊದಲಿನಿಂದ ಹೇಳುತ್ತಾನೆ. ಸದ್ಯಕ್ಕೆ ನಾನು ಬರಲಾಗುವುದಿಲ್ಲ, ಇಲ್ಲಿ ಕೆಲಸ ಬಹಳ. ಯಂತ್ರವನ್ನು ಪಾರ್ಸೆಲ್‌ನಲ್ಲಿ ಕಳಿಸಿದ್ದೇನೆ. ಕೆಂಪು ಗುಂಡಿ ಒತ್ತಿದರೆ ಶುರು, ಮತ್ತೆ ಒತ್ತಿದರೆ ನಿಲ್ಲುತ್ತದೆ.

ರೆಕಾರ್ಡರ್ ಹುಡುಗಿ

*

ಏಪ್ರಿಲ್ 14

ಯಂತ್ರ ಬಂತು. ನನಗೆ ನೆಗಡಿ. ಗಂಟಲು ಕಟ್ಟಿದೆ. ಪಕ್ಕದ ಗೋಡೆ ಕೆಡವುತ್ತಿದ್ದಾರೆ, ದಿನವಿಡೀ ಧಡ್ ಧಡ್. ಅದನ್ನೂ ‘ಹಿಂದೆ ಗೋಡೆ ಬೀಳುವ ಸದ್ದು’ ಎಂದು ಬರೆಯುತ್ತೀಯ. ಅದೂ ಅಲ್ಲದೆ ಕೆಂಪು ಗುಂಡಿ ಯಾವುದು ಎಂದೇ ತಿಳಿಯುತ್ತಿಲ್ಲ, ಎರಡು ಗುಂಡಿ ಕೆಂಪಾಗಿವೆ.

ಅವಸರ ಮಾಡಬೇಡ.

ದೊಡ್ಡಮ್ಮ

*

ಮೇ 4

ದೊಡ್ಡಮ್ಮ, ನೆಗಡಿ ವಾಸಿಯಾಗಿರಬಹುದು. ಗೋಡೆಯೂ ಬಿದ್ದು ಮುಗಿದಿರಬಹುದು. ಒಂದು ಗುಂಡಿ ಮಾತ್ರ ಕೆಂಪು, ಇನ್ನೊಂದು ಕಿತ್ತಳೆ. ಬಂದರಿನವರು ಕೇಳುತ್ತಿದ್ದಾರೆ, ನಾನೇನು ಹೇಳಲಿ?

*

ಮೇ 21

ರೆಕಾರ್ಡರ್ ಹುಡುಗಿಗೆ,

ಯಂತ್ರ ವಾಪಸ್ ಕಳಿಸಿದ್ದೇನೆ. ಹೊಟ್ಟೆ ತುಂಬ ಹಾಡು ತುಂಬಿಸಿದ್ದೇನೆ, ಕೂತು ಬರೆದುಕೋ. ಇವು ಹೋದ ವರ್ಷ ನಿನಗೆ ಕೊಟ್ಟಿರಲಿಲ್ಲ.

ಆಸ್ಪತ್ರೆಯ ಲಾಂಡ್ರಿಯಲ್ಲಿ ದೊಡ್ಡ ಚಾದರ ಮಡಿಸುವುದಕ್ಕೆ ಇಬ್ಬರು ಬೇಕು. ನಾನೊಂದು ತುದಿ, ತಂಗಿಯೊಂದು ತುದಿ. ಎಳೆದು ಕೊಡವಿ, ಹತ್ತಿರ ಬಂದು, ಅಂಚಿಗೆ ಅಂಚು ಸೇರಿಸಿ, ಮತ್ತೆ ಹಿಂದೆ ಹೋಗಬೇಕು. ಆಗ ಹಾಡುತ್ತಿದ್ದ ಹಾಡುಗಳು ಇವು. ಅವಳೊಂದು ಸಾಲು, ನಾನೊಂದು ಸಾಲು. ಬಹುಪಾಲು ಮೇಲ್ವಿಚಾರಕನನ್ನು ಬಯ್ಯುವ ಹಾಡು. ಅವನ ಎದುರಿಗೇ ಹಾಡುತ್ತಿದ್ದೆವು. “ಎಷ್ಟು ಇಂಪಾಗಿದೆ, ದೇವರ ಹಾಡೇನಮ್ಮ?” ಅಂತ ಕೇಳುತ್ತಿದ್ದ. “ಹೌದು ಸಾರ್, ಹೊಟ್ಟೆ ದೊಡ್ಡದಿರೋ ದೇವರದು” ಅನ್ನುತ್ತಿದ್ದಳು ತಂಗಿ.

ಎರಡೂ ಕಡೆಯ ಸಾಲು ನಾನೇ ಹಾಡಿದ್ದೇನೆ. ಹೊಂದಿಸಿಕೊಳ್ಳುವುದು ನಿನ್ನ ಕೆಲಸ. ಅವಳು ಹೋದ ಮೇಲೆ ನನ್ನನ್ನು ದಿಂಬಿನ ಚೀಲ ಮಡಿಸುವ ಕೆಲಸಕ್ಕೆ ಹಾಕಿದರು. ಅದಕ್ಕೆ ಒಬ್ಬರು ಸಾಕು. ದಿಂಬಿನ ಚೀಲಕ್ಕೆ ಹಾಡಿಲ್ಲ.

ನೀನು ಕೇಳಿದ ಇನ್ನೊಂದು ಇದರಲ್ಲಿ ಇಲ್ಲ. ನೆನಪಾಗಲಿಲ್ಲ. ವಯಸ್ಸಾಯಿತು.

ದೊಡ್ಡಮ್ಮ

*

ಜೂನ್ 3

ದೊಡ್ಡಮ್ಮ,

ನೀವು ಸುಳ್ಳು ಹೇಳುತ್ತಿದ್ದೀರಿ. ಕೊನೆಯ ಹಾಡಾದ ಮೇಲೆ ಕೆಂಪು ಗುಂಡಿ ಎರಡನೇ ಸಲ ಒತ್ತಲು ಮರೆತಿದ್ದೀರಿ.

ಅದರಲ್ಲಿ ಎಲ್ಲ ಇದೆ. ನೀವು ಪೊರಕೆ ಆಡಿಸುವುದು, ಗೊಣಗುವುದು. ಆಮೇಲೆ ಹೊಸ್ತಿಲಿಗೆ ಹೇಳುತ್ತೀರಿ. ಚಪ್ಪಲಿ ಜಾಗಕ್ಕೆ, ಕೊಡಕ್ಕೆ, ಒಲೆಗೆ, ತಟ್ಟೆಗೆ, ದೀಪಕ್ಕೆ. ಪ್ರತಿ ಸಲವೂ ‘ಕೇಳಿತು’ ಎನ್ನುವುದೂ ನೀವೇ. ನನ್ನ ಮುಂದೆ ಹೇಳಿದಾಗ ‘ಹೋದವರು’ ಎಂದಷ್ಟೇ ಅಂದಿರಿ. ಇದರಲ್ಲಿ ಒಂದು ಹೆಸರಿದೆ. ಹೆಣ್ಣಿನ ಹೆಸರು. ದೀಪದ ನಂತರ ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಚಾದರ ಕೊಡವಿ ಹಾಸುವ ಸದ್ದು.

ನಿಮ್ಮ ತಂಗಿ ಎಲ್ಲಿ?

ನಿಮ್ಮನ್ನು ಸುಳ್ಳಿ ಎಂದಮೇಲೆ ನನ್ನದೂ ಹೇಳಬೇಕು. ಬರಲಾಗುವುದಿಲ್ಲ ಎಂದದ್ದು ಕೆಲಸ ಹೆಚ್ಚಿದ್ದಕ್ಕಲ್ಲ. ಆ ಪುಸ್ತಕದೊಂದಿಗೇ ನಮ್ಮ ವಿಭಾಗ ಮುಚ್ಚಿತು, ಊರೂರಿಗೆ ಕಳಿಸುವುದೂ ನಿಂತಿತು. ನನ್ನನ್ನು ನೆಲಮಾಳಿಗೆಗೆ ಹಾಕಿದ್ದಾರೆ. ಹಳೆಯ ಪೆಟ್ಟಿಗೆಗಳಿಗೆ ಹೊಸ ಚೀಟಿ ಅಂಟಿಸುವ ಕೆಲಸ. ಕಿಟಕಿಯಿಲ್ಲ. ಊಟದ ಹೊತ್ತಿನಲ್ಲಿ ಕಿವಿಗೆ ಹಾಕಿಕೊಂಡು ನಿಮ್ಮ ಹಾಡು ಕೇಳುತ್ತೇನೆ. ಇಡೀ ದಿನದಲ್ಲಿ ನನ್ನೊಂದಿಗೆ ಮಾತಾಡುವವರು ನೀವೊಬ್ಬರೇ, ಅದೂ ನನಗೆ ಅರ್ಧ ಮಾತ್ರ ಅರ್ಥವಾಗುವ ಭಾಷೆಯಲ್ಲಿ. ಈ ಕಾಗದಗಳನ್ನು ನಾನು ಕಚೇರಿಯ ಪರವಾಗಿ ಬರೆಯುತ್ತಿಲ್ಲ.

*

ಜೂನ್ 10

ಮರೆತ ಗುಂಡಿಯಿಂದ ಬಂದದ್ದನ್ನು ಕೇಳಿಸಿಕೊಳ್ಳುವುದು, ಗೋಡೆಗೆ ಕಿವಿ ಇಟ್ಟು ಕೇಳಿಸಿಕೊಳ್ಳುವುದು ಎರಡೂ ಒಂದೇ. ನಾಚಿಕೆಯಾಗಬೇಕು ನಿನಗೆ. ಮೂರು ದಿನ ಕಾಗದ ಬರೆಯಬಾರದು ಎಂದು ಕೂತಿದ್ದೆ. ಬರೆಯದಿದ್ದರೆ ನೀನೇ ಏನೇನೋ ಊಹಿಸಿ ಅಡಿಟಿಪ್ಪಣಿ ಹಾಕುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ, ಬೇರೆ ಯಾವ ಪ್ರೀತಿಗೂ ಅಲ್ಲ.

ತಂಗಿ ದೂರದ ಹೋಟೆಲಿನ ಲಾಂಡ್ರಿಗೆ ಹೋದಳು. “ನಾಲ್ಕು ತಿಂಗ್ಳು ಅಷ್ಟೇ ಅಕ್ಕ, ಅಲ್ಲಿ ಚಾದರ ಮಡಿಸೋ ಯಂತ್ರ ಇದ್ಯಂತೆ, ನೋಡ್ಕೊಂಡು ಬರ್ತೀನಿ” ಅಂದಳು. ಒಂದು ಕಾಗದ ಬಂತು, ಯಂತ್ರ ಸುಳ್ಳು, ಕೈಯಲ್ಲೇ ಮಡಿಸುತ್ತೇವೆ ಎಂದು. ಆಮೇಲೆ ಬರಲಿಲ್ಲ, ಕಾಗದವೂ ಇಲ್ಲ, ಅವಳೂ ಇಲ್ಲ. ಹೋಗಿ ಕೇಳಿದೆ. ಆ ಹೆಸರಿನವಳು ಕೆಲಸ ಬಿಟ್ಟು ಹೋದಳು ಅಂದರು. ಎಲ್ಲಿಗೆ ಎಂದು ಅವರಿಗೂ ಗೊತ್ತಿಲ್ಲ. ಜಗಳವಿಲ್ಲ, ಏನಿಲ್ಲ. ಜಗಳ ಆಡಿಕೊಂಡು ಹೋಗಿದ್ದರೆ ಚೆನ್ನಾಗಿತ್ತು, ಕಾರಣ ಅಂತ ಒಂದು ಕೈಯಲ್ಲಿರುತ್ತಿತ್ತು. ಆಗ ನನ್ನ ಕೂದಲು ಕಪ್ಪಗಿತ್ತು, ಇಷ್ಟು ತಿಳಿದುಕೋ.

ಕೋಣೆಯಲ್ಲಿ ಎರಡು ಮಂಚ ಇವೆ. ನೀನು ಬಂದಾಗ ಒಂದರ ಮೇಲೆ ನಿನ್ನ ಚೀಲ ಇಡಲು ಹೋದೆ, ನಾನು ಕೂಗಿದೆ. ಮುದುಕಿಗೆ ಮುಂಗೋಪ ಎಂದುಕೊಂಡಿರಬೇಕು ನೀನು.

ಮೊದಮೊದಲು ನೆನಪಿರಲಿ ಎಂದೇ ಹೇಳುತ್ತಿದ್ದೆ. ಮಾತಾಡುವುದಕ್ಕೆ ಇನ್ನೊಬ್ಬರಿಲ್ಲದಿದ್ದರೆ ನಾಲಿಗೆ ಜಂಗು ಹಿಡಿಯುತ್ತದೆ. ಯಾವಾಗ ಅವಳ ಹೆಸರು ಬಂದು ಸೇರಿಕೊಂಡಿತೋ ತಿಳಿಯದು. ಒಂದು ದಿನ ಹೊಸ್ತಿಲಿಗೆ ಹೇಳಿಯಾಗಿತ್ತು. ಇನ್ನೊಂದು ದಿನ ತಟ್ಟೆಗೆ. ಎಲ್ಲಕ್ಕೂ ಹೇಳಿಯಾಗಿದೆ. ಒಂದಕ್ಕೆ ಮಾತ್ರ ಹೇಳಿಲ್ಲ. ನೀನು ‘ದೀಪ ಬಿಟ್ಟು ಹಾಸಿಗೆ ಹೇಳಿ’ ಎಂದು ಸುಲಭವಾಗಿ ಬರೆದುಬಿಟ್ಟೆ. ನಮ್ಮ ದೀಪಕ್ಕೆ ಯಾವತ್ತೋ ಹೇಳಿಯಾಗಿದೆ, ಈಗ ಬಿಟ್ಟರೇನು ಬಂತು? ಉಳಿದಿರುವುದು ಅದೊಂದೇ. ಅದನ್ನೂ ಹೇಳಿದರೆ ಅವಳು ಹೋದಳು. ಅವಳು ಹೋದರೆ, ನಾನು ಬಾಯಿಬಿಟ್ಟು ಆಡುವ ಮಾತು ಅರ್ಥವಾಗುವ ಕಿವಿ ಈ ಭೂಮಿಯ ಮೇಲೆ ಎಲ್ಲೂ ಇಲ್ಲ. ಈಗ ಎಲ್ಲೋ ಒಂದು ಕಡೆ ಇದೆ.

ಬಲೆ ಹೊಲಿಯುವವಳಿಗೆ ಕಷ್ಟ ಎಂದು ನನಗೆ ಗೊತ್ತಾಗುತ್ತದೆ. ಆದರೆ ಅವಳ ನಿದ್ದೆಗೆ ನನ್ನ ತಂಗಿಯನ್ನು ಕೊಡು ಎಂದು ಕೇಳಬೇಡ. ಇನ್ನು ಕಾಗದ ಬರೆಯಬೇಡ.

*

ಜುಲೈ 7

ದೊಡ್ಡಮ್ಮ,

ಬರೆಯಬೇಡ ಎಂದಿದ್ದಿರಿ. ಇದೊಂದು ಓದಿ, ಆಮೇಲೆ ಹರಿದುಹಾಕಿ.

ಇನ್ನು ಕೇಳುವುದಿಲ್ಲ. ಗುಂಡಿ ಮರೆತ ಆ ಭಾಗವನ್ನು ಅಳಿಸಿದ್ದೇನೆ. ನಮ್ಮ ಕೆಲಸದಲ್ಲಿ ಅಳಿಸುವುದಕ್ಕಿಂತ ದೊಡ್ಡ ತಪ್ಪಿಲ್ಲ. ಮಾಡಿದೆ. ಅದು ನಮಗೆ ಹೇಳಿದ್ದಲ್ಲ.

ಬಂದರಿಗೆ ಹೋಗಿ ಆಕೆಗೆ ನೇರವಾಗಿ ಹೇಳಿದೆ, ಆ ಮಾತು ಸಿಗುವುದಿಲ್ಲ, ಹೇಳಬೇಕಾದವರಿಗೆ ಹೇಳಲಾಗುತ್ತಿಲ್ಲ ಎಂದು. ಕಾರಣ ಹೇಳಲಿಲ್ಲ. ಅವರು ಬಲೆಯ ಗಂಟು ಬಿಡಿಸುತ್ತಲೇ, “ಪರವಾಗಿಲ್ಲ ಅಂತ ಹೇಳಮ್ಮ. ಅವರ ಮನೇಲೂ ಒಂದು ಮಂಚ ಖಾಲಿ ಇರ್ಬೇಕು” ಅಂದರು. ನಾನು ಬಾಯಿ ಬಿಡಲಿಲ್ಲ, ದೊಡ್ಡಮ್ಮ. ಆಣೆ.

ಮೊಣಕಾಲು ನೋಡಿಕೊಳ್ಳಿ.

*

ಆಗಸ್ಟ್ 26

ರೆಕಾರ್ಡರ್ ಹುಡುಗಿಗೆ,

ಬಂದರಿಗೆ ಹೋಗಿ ಬಂದೆ. ನಿನಗೆ ಹೇಳಲಿಲ್ಲ, ಹೇಳಿದ್ದರೆ ಯಂತ್ರ ಹಿಡಿದು ಓಡಿ ಬರುತ್ತಿದ್ದೆ. ಡ್ರೈವರ್ ಬಸ್ಸು ಹತ್ತಿಸಿದ. “ಅಲ್ಲಿ ಯಾರಿದಾರಮ್ಮ ನಿಮಗೆ?” ಅಂದ. ಯಾರೂ ಇಲ್ಲ, ಒಂದು ಮಂಚ ನೋಡಿ ಬರ್ತೀನಿ ಅಂದೆ. ಮಂಚ ಕೊಳ್ಳಲು ಹೋಗುತ್ತಿದ್ದೇನೆ ಎಂದುಕೊಂಡು, ಗೆದ್ದಲು ಹಿಡಿದಿದೆಯೋ ಇಲ್ಲವೋ ತಟ್ಟಿ ನೋಡುವುದು ಹೇಗೆ ಎಂದು ಪಾಠ ಮಾಡಿದ.

ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ. ಅದು ಅವರ ಮನೆ, ಆ ಮನುಷ್ಯನ ಹೆಸರು, ಆ ಮನುಷ್ಯನ ಹಾಸಿಗೆ. ಅಲ್ಲಿ ಹೇಳಿದರೆ ಇಲ್ಲಿಗೆ ಕೇಳಿಸುವುದಿಲ್ಲ. ಒಳ್ಳೆಯ ಉಪಾಯ ಎಂದು ಬೀಗಿದೆ.

ದೋಣಿ ಮೇಸ್ತ್ರಿಯ ಮನೆ ಎಂದು ಕೇಳಿ ಕೇಳಿ ಹುಡುಕಿದೆ. ಮಹಡಿ ಮೇಲಿನ ಮನೆ. ಏಣಿಯಂಥ ಮೆಟ್ಟಿಲು, ಡೀಸೆಲ್ ವಾಸನೆ. ಬಾಗಿಲು ತೆರೆದವಳು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. ನಾನು ಮೆಟ್ಟಿಲು ಹತ್ತಿದ್ದಕ್ಕೆ ಕೆಮ್ಮು ಬಂತು. ಒಳಗಿನಿಂದ ಮಗ, “ಅಮ್ಮಾ, ಅವ್ರೇ!” ಎಂದು ಕೂಗಿದ. ಕೆಮ್ಮಿನಿಂದಲೇ ಗುರುತು ಹಿಡಿದ ಬಡ್ಡಿಮಗ.

“ಬನ್ನಿ ಅಕ್ಕ” ಅಂದಳು ಅವಳು. ಅಕ್ಕ ಅನ್ನಬೇಡ ಎಂದು ಗದರಬೇಕು ಅಂದುಕೊಂಡೆ. ಚಪ್ಪಲಿ ಬಿಟ್ಟು ಒಳಗೆ ಹೋದೆ.

ಬಲೆ ಎತ್ತಿ ಮೂಲೆಗೆ ಹಾಕಿಸಿದೆ. ಹೊಸ್ತಿಲಿನಿಂದ ಶುರು ಮಾಡಿದೆ. ಅವಳು ಹಿಂದೆ ಹಿಂದೆ ಬಂದು ಕೇಳಿತು, ಕೇಳಿತು ಅಂದಳು. ದೀಪ ಆಯಿತು. ಮಂಚದ ಹತ್ತಿರ ಹೋಗಿ ನಿಂತೆ. ಹೇಳಿದೆ. ನಿನಗೂ ಕನ್ನಡದಲ್ಲಿ ಬರೆಯುತ್ತೇನೆ, ನಿನ್ನ ಟಿಪ್ಪಣಿ ತಿದ್ದಿಕೋ. ಉಳಿದದ್ದಕ್ಕೆಲ್ಲ ಕಾಯಬೇಡ ಎಂದು ಹೇಳುತ್ತೇವೆ. ಹಾಸಿಗೆಗೆ ಹಾಗೆ ಹೇಳುವುದಿಲ್ಲ. ‘ಹಾಸಿಗೆಯೇ, ಅವನ ಬೆನ್ನು ಮಾಡಿದ ಗುಳಿಯನ್ನು ಬಿಟ್ಟುಬಿಡು. ದಣಿದು ಯಾರು ಬಂದರೂ ಜಾಗ ಕೊಡು.’ ಇಷ್ಟೇ. ಇಷ್ಟು ಚಿಕ್ಕದು.

ಅವಳು ಕೇಳಿತು ಅನ್ನಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಳು. ಅನ್ನಲೇಬೇಕು ಎಂದು ನಾನು ಗದರಿದೆ. ಆಗ ಅಂದಳು.

ಮಗ ಫೋನು ಹಿಡಿದಿದ್ದ. ಬೇಡ ಅನ್ನಲಿಲ್ಲ. ನಿನಗೆ ಕಳಿಸುತ್ತಾನೆ. ಈಗ ನಿನ್ನ ಹತ್ತಿರ ಪೂರ್ತಿ ಇದೆ. ಅದನ್ನು ಕೇಳಿ ಕಲಿಯುವವರಿಗೆ, ಕಲಿಯುವಾಗ ಒಂದನ್ನು ಬಿಡಬೇಕು ಎಂದು ದೊಡ್ಡಕ್ಷರದಲ್ಲಿ ಬರೆದು ಅಂಟಿಸು. ಚೀಟಿ ಅಂಟಿಸುವುದರಲ್ಲಿ ನೀನು ಈಗ ಪಳಗಿದ್ದೀಯ.

ಮುಗಿದ ಮೇಲೆ ಅವಳು ಮುಖ ತೊಳೆದುಕೊಂಡು ಬಂದು ಒಗೆದ ಚಾದರ ತೆಗೆದಳು. ಒಂದು ತುದಿ ನನಗೆ ಕೊಟ್ಟಳು. ಇಬ್ಬರೂ ಹಿಡಿದು ಹಾಸಿದೆವು. “ಯಾರು ಬಂದ್ರೂ ಜಾಗ ಕೊಡು ಅಂದ್ರಲ್ಲ, ಮಲಗಿ ಅಕ್ಕ. ಕಾಲು ನೋಯ್ತಿರೋದು ಮುಖದಲ್ಲೇ ಕಾಣುತ್ತೆ” ಅಂದಳು. ಪರರ ಮನೆಯಲ್ಲಿ ಹಗಲು ಹೊತ್ತು ಕಾಲು ಚಾಚಿದವಳಲ್ಲ ನಾನು. ಸುಮ್ಮನೆ ಒರಗಿದೆ ಅಷ್ಟೇ. ಎದ್ದಾಗ ಸಂಜೆ ಬಿಸಿಲು ಗೋಡೆಯ ಮೇಲಿತ್ತು. ಬಾಯಿ ತೆರೆದು ಗೊರಕೆ ಹೊಡೆದೆನಂತೆ. ಅವಳು ಕೆಳಗೆ ಕೂತು ಬಲೆ ಹೊಲಿಯುತ್ತಿದ್ದಳು. ಟೀ ಕೊಟ್ಟು, “ಮನೇಲಿ ಯಾರ್ಯಾರಿದೀರಾ ಅಕ್ಕ?” ಅಂದಳು.

“ನಾನೊಬ್ಳೇ” ಅಂದೆ.

ಯೋಚಿಸಿ ಹೇಳಲಿಲ್ಲ. ಕನ್ನಡದಲ್ಲಿ ಹೇಳಿದೆ, ಟೀ ಊದುತ್ತಾ ಹೇಳಿದೆ. ಬಸ್ಸು ಹತ್ತಿ ಕೂತ ಮೇಲೆ ನಾನು ಅಂದದ್ದು ನನಗೆ ಕೇಳಿಸಿತು. ಇಷ್ಟು ವರ್ಷ ಹಲ್ಲು ಕಚ್ಚಿ ಒಳಗಿಟ್ಟುಕೊಂಡಿದ್ದು, ಒಂದೇ ಮಾತಿನಲ್ಲಿ, ಯಾರೋ ಕೇಳಿದರು ಎಂದು, ಹೊರಗೆ ಬಿದ್ದುಹೋಯಿತು. ಪಕ್ಕದಲ್ಲಿ ಕೂತಿದ್ದವನು ನೀರು ಬೇಕಾ ಅಮ್ಮ ಅಂದ. ಅವನಿಗೂ ಬೈದೆ.

ಈಗ ಅದನ್ನು ಸರಿಯಾಗಿ ಹೇಳಬೇಕು. ಬೀದಿಯಲ್ಲಿ ಬೀಳಿಸಿಕೊಂಡ ಹಾಗೆ ಬಿಡಬಾರದು, ತಂಗಿಗೆ ಅವಮಾನ. ನಾನೇ ಹೇಳಿ ನಾನೇ ಕೇಳಿತು ಅಂದದ್ದು ಯಾವುದೂ ಲೆಕ್ಕಕ್ಕಿಲ್ಲ. ಅದು ನನಗೆ ಮೊದಲಿನಿಂದಲೂ ಗೊತ್ತಿತ್ತು. ಹೇಳುವವರು ಒಬ್ಬರು, ಉತ್ತರ ಕೊಡುವವರು ಮನೆಯ ಇನ್ನೊಬ್ಬರು ಇರಬೇಕು. ಹೊಸ್ತಿಲಿನಿಂದಲೇ ಮತ್ತೆ ಶುರು ಮಾಡಬೇಕಾಗುತ್ತದೆ. ನೀನು ನನ್ನ ಹಿಂದೆ ಬಂದರೆ ಸಾಕು. ಆ ಒಂದು ಶಬ್ದ ನಮ್ಮ ಮಾತಿನಲ್ಲಿ ಹೇಗೆ ಅನ್ನುವುದು ಎಂದು ನಿನಗೆ ಗೊತ್ತಿದೆ.

ಉಳಿದುಕೊಳ್ಳುವ ಹಾಗೆ ಬಟ್ಟೆ ತೆಗೆದುಕೊಂಡು ಬಾ.

ತಂಗಿಯ ಮಂಚದ ಚಾದರ ಇವತ್ತು ಬೆಳಿಗ್ಗೆ ಒಗೆದು ಹಾಕಿದ್ದೇನೆ. ನಾಳೆ ಎಂದಿನಂತೆ ಹಾಸುತ್ತೇನೆ. ನೀನು ಬರುವವರೆಗೆ ಅದು ಹಾಗೇ ಇರುತ್ತದೆ. ಬಾ. ಆದರೆ ಬೇಗ ಏನೂ ಬರಬೇಡ.

ದೊಡ್ಡಮ್ಮ